ಪೆರ್ಡೂರನ್ನು ಎಲ್ಲಿ ಬಿಡಿಸಬೇಕು?

ಉಡುಪಿ ಜಿಲ್ಲೆಯ ಪೆರ್ಡೂರು ಎಂಬ ಊರಿನ ಹೆಸರನ್ನು ಮೂರು ಬಗೆಯಲ್ಲಿ ಬಿಡಿಸಬಹುದು, ಮೂರೂ ಸರಿಯೇ. ಬರೆಯುವ ಕೈಗೆ ಅದು ಪೆ, ರ್ಡೂ, ರು ಎಂಬ ಮೂರು ಅಕ್ಷರ. ಹೇಳುವ ಬಾಯಿಗೆ ಪೆರ್, ಡೂ, ರು ಎಂಬ ಮೂರು ತುಂಡು. ಅರ್ಥ ಹುಡುಕುವವರಿಗೆ ಅದರ ಕೊನೆಯಲ್ಲಿ ಊರು ಎಂಬ ಇಡೀ ಪದವೇ ಸಿಗುತ್ತದೆ. ಆ ಊರನ್ನು ಕಳಚಿದರೆ ಡಕಾರ ಹಿಂದಿನ ಭಾಗಕ್ಕೆ ಸೇರಬೇಕು. ಆದರೆ ಬಾಯಿ ಅದನ್ನು ಮುಂದಿನ ಸ್ವರಕ್ಕೆ ಆಗಲೇ ಕೊಟ್ಟುಬಿಟ್ಟಿದೆ. ಬರವಣಿಗೆಯಲ್ಲಿ ಇನ್ನೊಂದು ತಿರುವೂ ಇದೆ. ಡೂಕಾರಕ್ಕಿಂತ ಮೊದಲು ಉಚ್ಚರಿಸುವ ರಕಾರವನ್ನು ನಾವು ಅರ್ಕಾವತ್ತಾಗಿ ಡೂಕಾರದ ನಂತರ ಬರೆಯುತ್ತೇವೆ. ಹೀಗೆ ಕಣ್ಣು, ಬಾಯಿ, ಬುದ್ಧಿ ಮೂರೂ ಒಂದೇ ಹೆಸರನ್ನು ಬೇರೆ ಬೇರೆ ಕಡೆ ಮುರಿಯುತ್ತವೆ. ಎರಡು ಪದ ಕೂಡಿ ಒಂದಾದ ಯಾವುದೇ ಮಾತಿನಲ್ಲಿ ಈ ಪ್ರಶ್ನೆ ಏಳುತ್ತದೆ: ಕೂಡಿದ ಜಾಗ, ಅಂದರೆ ಬೆಸುಗೆ, ಕಿವಿಗೆ ಹೇಗೆ ಗೊತ್ತಾಗುತ್ತದೆ? ಕನ್ನಡದಲ್ಲಿ ಇದಕ್ಕೆ ತನ್ನದೇ ಆದ ಉಪಾಯಗಳಿವೆ. ನಾವು ಅವನ್ನು ವ್ಯಾಕರಣದ ಒಣ ಸೂತ್ರವೆಂದು ಪುಸ್ತಕದಲ್ಲೇ ಬಿಟ್ಟಿರುವುದರಿಂದ ಅಚ್ಚಿನಲ್ಲಿ, ನಾಮಫಲಕದಲ್ಲಿ, ಶಾಲೆಯಲ್ಲಿ ಎಡವುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಹೋಲಿಕೆಗೆ ಡಚ್ ಭಾಷೆಯನ್ನು ನೋಡೋಣ. ಪದಕ್ಕೆ ಪದ ಸೇರಿಸಿ ಉದ್ದನೆಯ ಒಂದೇ ಪದ ಕಟ್ಟುವುದರಲ್ಲಿ ಡಚ್ಚರು ಪಳಗಿದವರು, ಕೂಡಿದ ಪದದ ನಡುವೆ ಅವರು ಜಾಗ ಬಿಡುವುದಿಲ್ಲ. ಅವರ ಬೆಸುಗೆಯ ಗುರುತು ಮುಖ್ಯವಾಗಿ ದನಿಯ ಒತ್ತು. ಸಾಮಾನ್ಯವಾಗಿ ಸಮಾಸದ ಮೊದಲ ಪದದ ಮೇಲೆ ದನಿ ಬಲವಾಗಿ ಬೀಳುತ್ತದೆ, ಎರಡನೆಯದು ತಗ್ಗುತ್ತದೆ. ಅಪವಾದಗಳೂ ಇವೆ, ನಗರಸಭೆಯ ಕಟ್ಟಡಕ್ಕೆ ಅವರು ಹೇಳುವ ಸ್ಟಾಟ್‌ಹಾಯ್ಸ್ ಎಂಬುದರಲ್ಲಿ ಒತ್ತು ಕೊನೆಯ ಪದದ ಮೇಲಿದೆ. ಒತ್ತಿನ ಜಾಗ ಬದಲಾದರೆ ಅರ್ಥವೇ ಬದಲಾಗುವುದುಂಟು. ವೋರ್‌ಕೋಮೆನ್ ಎಂಬ ಕ್ರಿಯಾಪದದಲ್ಲಿ ಮೊದಲ ಭಾಗವನ್ನು ಒತ್ತಿ ಹೇಳಿದರೆ ಸಂಭವಿಸು, ಎರಡನೆಯದನ್ನು ಒತ್ತಿದರೆ ತಡೆ. ಇನ್ನೊಂದು ಗುರುತು ವ್ಯಂಜನದ್ದು. ಸಂಜೆ ಎಂಬರ್ಥದ ಪದವನ್ನು ಡಕಾರದಿಂದ ಬರೆದರೂ ಪದದ ಕೊನೆಯಲ್ಲಿ ಅದನ್ನು ಟಕಾರವಾಗಿಯೇ ಉಚ್ಚರಿಸುತ್ತಾರೆ. ಊಟದ ಪದ ಅದಕ್ಕೆ ಸೇರಿ ಆವೊಂಟ್‌ಏಟೆನ್ ಆದಾಗಲೂ, ಎದುರಿಗೆ ಸ್ವರ ಬಂದರೂ, ಆ ಟಕಾರ ಮೆತ್ತಗಾಗುವುದಿಲ್ಲ. ಪದ ಇಲ್ಲಿ ಮುಗಿಯಿತು ಎಂದು ಅದು ಹೇಳುತ್ತದೆ. ಅಚ್ಚಿನಲ್ಲಿ ಸಾಲಿನ ಕೊನೆಗೆ ಪದ ಒಡೆಯಬೇಕಾದಾಗಲೂ ಡಚ್ ನಿಯಮ ಮೊದಲು ಬೆಸುಗೆಯನ್ನೇ ನೋಡುತ್ತದೆ. ಬಾಂಬ್ ಇದೆ ಎಂಬ ಸುದ್ದಿಗೆ ಅವರ ಪದ ಬೊಮ್‌ಮೆಲ್ಡಿಂಗ್. ಬೊಮ್ ಆದ ಮೇಲೆ ಒಡೆದರೆ ಬಾಂಬಿನ ಸುದ್ದಿ. ಬೊಮ್ಮೆಲ್ ಆದ ಮೇಲೆ ಒಡೆದರೆ ಬೊಮ್ಮೆಲ್ ಎಂಬ ಹೆಸರಿನ ಯಾವುದೋ ವಸ್ತು.

ಕನ್ನಡದಲ್ಲಿ ಇಂಥ ಒತ್ತು ಇಲ್ಲ. ಪದದ ಮೊದಲ ತುಂಡಿನ ಮೇಲೆ ದನಿ ತುಸು ಏರುತ್ತದೆ, ಅಷ್ಟೆ. ಅದರಿಂದ ಅರ್ಥ ಬದಲಾಗುವುದಿಲ್ಲ. ಹಾಗಾದರೆ ಮಳೆಗಾಲ ಎಂಬುದು ಎರಡು ಪದವಲ್ಲ, ಒಂದೇ ಪದ ಎಂದು ಕೇಳುವವರಿಗೆ ಹೇಳಿದವರು ಯಾರು? ಗಕಾರ. ಕಾಲದ ಕಕಾರ ಗಕಾರವಾದ ಕ್ಷಣದಲ್ಲೇ ಆ ಪದ ಸ್ವತಂತ್ರವಾಗಿ ನಿಂತಿಲ್ಲ, ಹಿಂದಿನದಕ್ಕೆ ಅಂಟಿದೆ ಎಂದು ಕಿವಿ ತಿಳಿಯುತ್ತದೆ. ಬೆಟ್ಟದಾವರೆ, ಮನೆಗೆಲಸ, ಕಂಬನಿ ಎಲ್ಲದರಲ್ಲೂ ಕೆಲಸ ಇದೇ. ಶಾಲೆಯಲ್ಲಿ ಇದಕ್ಕೆ ಆದೇಶಸಂಧಿ ಎಂದು ಹೆಸರಿಟ್ಟು ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ ಎಂದು ಬಾಯಿಪಾಠ ಮಾಡಿಸುತ್ತಾರೆ. ಏಕೆ ಬರುತ್ತವೆ, ಯಾವಾಗ ಬರುವುದಿಲ್ಲ ಎಂಬುದನ್ನು ಕೇಳಿದಾಗಲೇ ವಿಷಯದ ಸ್ವಾರಸ್ಯ ಕಾಣುವುದು. ಕಾಲು ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಮುಂಗಾಲು, ಹಿಂಗಾಲುಗಳಲ್ಲಿ ಅದು ಗಾಲು ಆಗುತ್ತದೆ. ಕೈಕಾಲು ಎಂಬಲ್ಲಿ ಆಗುವುದಿಲ್ಲ. ಮುಂಗಾಲು ಒಂದು ವಸ್ತು, ಒಂದು ಬಗೆಯ ಕಾಲು. ಕೈಕಾಲು ಎರಡು ವಸ್ತು. ಅಲ್ಲಿ ಕಾಲು ತನ್ನ ಸ್ವಾತಂತ್ರ್ಯ ಉಳಿಸಿಕೊಂಡಿದೆ. ಕೆರೆಕಟ್ಟೆಗಳು ಕೆರೆಗಟ್ಟೆಯಾಗದೆ ಉಳಿದದ್ದೂ ಹೀಗೆಯೇ. ಜಪಾನಿ ಭಾಷೆಯಲ್ಲೂ ಇದೇ ವ್ಯವಸ್ಥೆ ಇದೆ: ಯಮ ಅಂದರೆ ಬೆಟ್ಟ, ಕವ ಅಂದರೆ ಹೊಳೆ, ಯಮಕವ ಎಂದರೆ ಬೆಟ್ಟಹೊಳೆಗಳು, ಯಮಗವ ಎಂದರೆ ಬೆಟ್ಟದ ಹೊಳೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಡಚ್ಚರಲ್ಲಿ ಮೊದಲ ಪದದ ಕೊನೆ ಬಿರುಸಾಗಿ ಬೆಸುಗೆ ತೋರಿಸಿದರೆ, ನಮ್ಮಲ್ಲಿ ಎರಡನೆಯ ಪದದ ಮೊದಲು ಮೆದುವಾಗಿ ತೋರಿಸುತ್ತದೆ.

ಈ ಮಾತಿಗೆ ಉಡುಪಿ ಜಿಲ್ಲೆಯಲ್ಲೇ ಒಂದು ಜೀವಂತ ಸಾಕ್ಷಿ ಇದೆ. ಕುಂದಾಪುರದ ಕಡೆಯ ಮಾತನ್ನು ಜನ ಕುಂದಾಪ್ರ ಕನ್ನಡ ಎನ್ನುತ್ತಾರೆ, ಕುಂದಗನ್ನಡ ಎಂದೂ ಎನ್ನುತ್ತಾರೆ. ಮೊದಲನೆಯದರಲ್ಲಿ ಎರಡು ಪದ ಅಕ್ಕಪಕ್ಕ ನಿಂತಿವೆ, ಕಕಾರ ಹಾಗೆಯೇ ಇದೆ. ಎರಡನೆಯದರಲ್ಲಿ ಹೆಸರು ಒಂದೇ ಪದವಾಗಿ ಹೆಪ್ಪುಗಟ್ಟಿದೆ. ಕುಂದಾಪುರ ಮೊಟಕಾಗಿದೆ, ಕಕಾರ ಗಕಾರವಾಗಿದೆ. ಹಳಗನ್ನಡ, ನಡುಗನ್ನಡ, ಹೊಸಗನ್ನಡ, ಹವಿಗನ್ನಡಗಳ ಸಾಲಿಗೆ ಅದು ಸೇರಿದೆ. ಬಾಳೆಕಾಯಿ, ತೆಂಗಿನಕಾಯಿಗಳಲ್ಲಿ ಕಕಾರ ಉಳಿದು ಎಣ್ಣೆಗಾಯಿಯಲ್ಲಿ ಮಾತ್ರ ಬದಲಾದದ್ದೇಕೆ ಎಂದು ಕೇಳಬಹುದು. ಇದು ಎಲ್ಲೆಡೆ ನಡೆಯುವ ಕಟ್ಟುನಿಟ್ಟಿನ ಸೂತ್ರವಲ್ಲ, ಒಪ್ಪುತ್ತೇನೆ. ಬಾಳೆಕಾಯಿ ನಿಜವಾಗಿಯೂ ಕಾಯಿ; ಎಣ್ಣೆಗಾಯಿ ಅಡುಗೆಯ ಹೆಸರು, ಅಲ್ಲಿ ಕಾಯಿ ತನ್ನ ಅರ್ಥವನ್ನು ಇಡೀ ಪದಕ್ಕೆ ಬಿಟ್ಟುಕೊಟ್ಟಿದೆ. ಎಲ್ಲ ಪದಗಳಿಗೂ ಇಷ್ಟು ಚೊಕ್ಕ ವಿವರಣೆ ಸಿಗದಿದ್ದರೂ ವ್ಯಂಜನ ಬದಲಾದಲ್ಲಿ ಬೆಸುಗೆ ಗಟ್ಟಿಯಾಗಿದೆ ಎಂಬ ಮಾತು ನಿಲ್ಲುತ್ತದೆ.

ಎರಡನೆಯ ಉಪಾಯ ಇನ್ನೂ ಸೊಗಸಾದದ್ದು: ತೂಕ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಹೆಬ್ರಿ, ಪೆರ್ಡೂರು, ಹಿರಿಯಡಕ, ಮಣಿಪಾಲ ದಾಟಿ ಮಲ್ಪೆಗೆ ಹೋಗುವ 169ಎ ರಸ್ತೆಯನ್ನು ಹೆದ್ದಾರಿ ಎನ್ನುತ್ತೇವೆ. ಹಿರಿ ಮತ್ತು ದಾರಿ ಸೇರಿ ಆದ ಪದ ಅದು. ಹಿರಿ ಎಂಬುದರಲ್ಲಿ ಎರಡು ಲಘು, ಅಂದರೆ ಎರಡು ಮಾತ್ರೆ. ರಿಕಾರ ಬಿದ್ದುಹೋಯಿತು, ಆದರೆ ದಕಾರ ಇಮ್ಮಡಿಯಾಗಿ ಹೆದ್ ಎಂಬ ಗುರು ಹುಟ್ಟಿತು, ಗುರುವಿಗೂ ಎರಡೇ ಮಾತ್ರೆ. ಬಿಡಿಯಾಗಿದ್ದಾಗ ಐದು ಮಾತ್ರೆ, ಕೂಡಿದ ಮೇಲೂ ಐದು. ಹೆಮ್ಮರ, ಹೆಬ್ಬಾಗಿಲು, ಹೆಬ್ಬುಲಿಗಳನ್ನು ಎಣಿಸಿ ನೋಡಿ, ಲೆಕ್ಕ ತಪ್ಪುವುದಿಲ್ಲ. (ಹೆಬ್ಬುಲಿಯ ಬಕಾರ ಹುಲಿಯ ಹಕಾರದಿಂದ ಬಂದದ್ದಲ್ಲ, ಅದರ ಹಳೆಯ ರೂಪವಾದ ಪುಲಿಯ ಪಕಾರದಿಂದ ಬಂದದ್ದು, ತುಳುವಿನ ಪಿಲಿಯಲ್ಲಿ ಆ ಪಕಾರ ಇಂದಿಗೂ ಇದೆ.) ಎದುರಿಗೆ ಸ್ವರ ಬಂದರೆ ಇಮ್ಮಡಿಸಲು ವ್ಯಂಜನವೇ ಇರುವುದಿಲ್ಲ, ಆಗ ಹಿರಿಯ ಸ್ವರವೇ ದೀರ್ಘವಾಗುತ್ತದೆ. ಹಿರಿ, ಅಡವಿ ಸೇರಿ ಹೇರಡವಿ. ಹಿರಿ, ಊರು ಸೇರಿ ಹೇರೂರು. ಇಲ್ಲಿಯೂ ಮಾತ್ರೆ ಸರಿಸಮ. ಮುಂಗಾಲು, ಕೆಂದಾವರೆಗಳಲ್ಲಿ ಒಟ್ಟು ಮಾತ್ರೆ ಉಳಿಯದಿದ್ದರೂ ಮೊಟಕಾದ ಮೊದಲ ಭಾಗ ಗುರುವಾಗಿಯೇ ನಿಂತಿದೆ. ಡಚ್ಚರು ಮೊದಲ ಪದಕ್ಕೆ ದನಿಯ ಬಲ ಕೊಡುತ್ತಾರೆ, ಕನ್ನಡ ಮೊಟಕಾದ ಮೊದಲ ಪದಕ್ಕೆ ಮಾತ್ರೆಯ ತೂಕ ಕೊಡುತ್ತದೆ. ಮಳೆಗಾಲ, ಕಿರುಬೆರಳುಗಳಲ್ಲಿ ಮೊದಲ ಪದ ಮೊಟಕಾಗಿಲ್ಲ, ಹಾಗಾಗಿ ತುಂಬಿಕೊಡಬೇಕಾದ ನಷ್ಟವೂ ಅಲ್ಲಿಲ್ಲ.

ಈ ಲೆಕ್ಕದಿಂದ ಊರ ಹೆಸರಿನ ಬಗ್ಗೆಯೂ ಒಂದು ತೀರ್ಮಾನ ಹೊರಡುತ್ತದೆ. ಪೆರ್ ಎಂಬುದು ಹಳಗನ್ನಡದಲ್ಲಿ ಹಿರಿದು ಎಂಬುದರ ರೂಪ. ಅದನ್ನು ಬಲ್ಲವರಿಗೆ ಪೆರ್ಡೂರು ಅಂದರೆ ದೊಡ್ಡ ಊರು ಎಂದುಬಿಡುವ ಆಸೆ ಹುಟ್ಟುತ್ತದೆ. ಆದರೆ ಪೆರ್ ಎಂಬ ಹ್ರಸ್ವ ರೂಪ ಬರುವುದು ವ್ಯಂಜನದ ಮುಂದೆ. ಸ್ವರದ ಮುಂದೆ ಬರುವುದು ಪೇರ್. ದೊಡ್ಡ ಊರು ಪೇರೂರು ಆಗಬೇಕು, ಮುಂದೆ ಹೇರೂರು ಆಗಬೇಕು. ಆ ಹೆಸರಿನ ಊರು ಬ್ರಹ್ಮಾವರದ ಹತ್ತಿರ ಇದ್ದೇ ಇದೆ. ನಡುವಿನ ಡಕಾರಕ್ಕೆ ಲೆಕ್ಕ ಕೊಡದ ಯಾವ ವಿವರಣೆಯೂ ಪೆರ್ಡೂರಿಗೆ ಸಲ್ಲದು. ಬೆಸುಗೆಯ ನಿಯಮ ತಿಳಿದವರು ಕಿವಿಗೆ ಇಂಪಾದ ವ್ಯುತ್ಪತ್ತಿಗೆ ಬೇಗ ಮನಸೋಲುವುದಿಲ್ಲ.

ಬರವಣಿಗೆಗೂ ಉಚ್ಚಾರಕ್ಕೂ ಇರುವ ಅಂತರ ನಮ್ಮ ಹಿಂದಿನವರಿಗೆ ಗೊತ್ತಿತ್ತು. ಬರವಣಿಗೆಯಲ್ಲಿ ಅಕ್ಕ ಎಂಬುದು ಅ ಮತ್ತು ಕ್ಕ. ಆದರೆ ಛಂದಸ್ಸು ಅದನ್ನು ಅಕ್, ಕ ಎಂದು ಕೇಳಿಸಿಕೊಂಡು ಸಂಯುಕ್ತಾಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುತ್ತದೆ. ಲಿಪಿ ಮರೆಮಾಡಿದ ಉಚ್ಚಾರದ ತುಂಡನ್ನು ಛಂದಸ್ಸು ಹೊರಗೆ ತಂದಿತು. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ಗಮನಿಸಿದ್ದ: ಹಳಗನ್ನಡದ ಕೆಲವು ಸಂಯುಕ್ತಾಕ್ಷರಗಳು ಎಷ್ಟು ಸಡಿಲವೆಂದರೆ ಹಿಂದಿನ ಅಕ್ಷರವನ್ನು ಕವಿ ಲಘುವಾಗಿಯೇ ಎಣಿಸಬಹುದು. ಶಿಥಿಲದ್ವಿತ್ವ ಎಂದು ಅದರ ಹೆಸರು. ಕುಳಿರ್ಗಾಳಿ ಅಂಥ ಒಂದು ಪದ, ಅಮರ್ದು ಇನ್ನೊಂದು. ಎರಡರಲ್ಲೂ ಸಂಯುಕ್ತಾಕ್ಷರ ಇರುವುದು ಬೆಸುಗೆಯ ಮೇಲೆ. ಒಂದು ಕಡೆ ಪದಕ್ಕೆ ಪದ, ಇನ್ನೊಂದು ಕಡೆ ಧಾತುವಿಗೆ ಪ್ರತ್ಯಯ ಸೇರಿದೆ. ಬೆಸುಗೆ ಇರುವಲ್ಲಿ ಉಚ್ಚಾರ ಸಡಿಲವಾಗಬಲ್ಲದು ಎಂಬುದನ್ನು ಆ ವೈಯಾಕರಣ ಕಿವಿಯಿಂದಲೇ ಹಿಡಿದಿದ್ದಾನೆ. ಈ ಶಬ್ದಮಣಿದರ್ಪಣವನ್ನು 1872ರಲ್ಲೂ ನಾಗವರ್ಮನ ಛಂದಸ್ಸನ್ನು 1875ರಲ್ಲೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದವರು ಫರ್ಡಿನಾಂಡ್ ಕಿಟೆಲ್. ಅವರು ಹುಟ್ಟಿದ್ದು ಡಚ್ ನಾಡಿಗೆ ಹೊಂದಿಕೊಂಡಿರುವ ಜರ್ಮನಿಯ ಪೂರ್ವ ಫ್ರಿಸಿಯಾದಲ್ಲಿ. ಒತ್ತಿನ ಭಾಷೆಯಲ್ಲಿ ಬೆಳೆದವರು ತೂಕದ ಭಾಷೆಯ ವ್ಯಾಕರಣ, ಛಂದಸ್ಸುಗಳೆರಡನ್ನೂ ಸಂಪಾದಿಸಿ, 1894ರಲ್ಲಿ ನಿಘಂಟನ್ನೂ ಕೊಟ್ಟರು. ಪದದ ಒಳರಚನೆಗೂ ಅದರ ಉಚ್ಚಾರದ ಅಳತೆಗೂ ನಂಟಿದೆ ಎಂಬುದಕ್ಕೆ ಆ ಮೂರು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದೇ ಸಾಕು.

ಪೆರ್ಡೂರಿನ ಮಟ್ಟಿಗೆ ಈ ವಿದ್ಯೆ ಪುಸ್ತಕದ್ದಷ್ಟೇ ಅಲ್ಲ. ಅಲ್ಲಿನ ಅನಂತಪದ್ಮನಾಭ ದೇವಸ್ಥಾನದ ಹೆಸರು ಹೊತ್ತ ಯಕ್ಷಗಾನ ಮಂಡಳಿ, ಜನ ಪೆರ್ಡೂರು ಮೇಳ ಎಂದೇ ಕರೆಯುವ ಬಡಗುತಿಟ್ಟಿನ ಮೇಳ, ಊರ ಹೆಸರನ್ನು ಬಹುದೂರ ಕೊಂಡೊಯ್ದಿದೆ. ಭಾಗವತರು ಪದ್ಯ ಹಾಡುವಾಗ ಪದಗಳನ್ನು ತಾಳಕ್ಕೆ ತಕ್ಕಂತೆ ಮುರಿಯುತ್ತಾರೆ, ಅರ್ಥಕ್ಕೆ ತಕ್ಕಂತೆ ಅಲ್ಲ. ಭಾಮಿನಿ ಷಟ್ಪದಿಯ ಮೂರು ಮತ್ತು ನಾಲ್ಕು ಮಾತ್ರೆಯ ನಡೆಗೆ ‘ಬಂದ ಮಳೆಗಾಲದಲಿ’ ಎಂಬ ಮಾತನ್ನು ಕೂರಿಸಿದರೆ ಅದು ಬಂದ, ಮಳೆಗಾ, ಲದಲಿ ಎಂದು ಒಡೆಯುತ್ತದೆ. ಕಾಲ ಎಂಬ ಪದ ನಡುವೆಯೇ ತುಂಡಾಯಿತು, ಗಣದ ಏಟು ಅದರ ಲಕಾರದ ಮೇಲೆ ಬಿತ್ತು. ಡಚ್ಚಿನಂಥ ಭಾಷೆಯಲ್ಲಿ ಹೀಗೆ ಏಟು ತಪ್ಪಿದ ಜಾಗದಲ್ಲಿ ಬಿದ್ದರೆ ಕೇಳುವವರು ತಡವರಿಸುತ್ತಾರೆ. ಕನ್ನಡದ ಪ್ರೇಕ್ಷಕರು ತಡವರಿಸುವುದಿಲ್ಲ, ಏಕೆಂದರೆ ಬೆಸುಗೆಯ ಗುರುತು ಏಟಿನಲ್ಲಿಲ್ಲ, ಗಕಾರದಲ್ಲಿದೆ. ಅದು ಎಲ್ಲಿಗೂ ಹೋಗಿಲ್ಲ. ನಮ್ಮ ಗೇಯಕಾವ್ಯ ಇಷ್ಟು ಧೈರ್ಯದಿಂದ ಪದಗಳನ್ನು ತಾಳದ ಮೇಲೆ ಚೆಲ್ಲಬಲ್ಲದ್ದು ಇದೇ ಬಲದಿಂದ. ಹಾಡು ನಿಂತ ಮೇಲೆ ಪಾತ್ರಧಾರಿ ಅದೇ ಸಂಗತಿಯನ್ನು ಮಾತಿನಲ್ಲಿ ಬಿಡಿಸಿ ಅರ್ಥ ಹೇಳುತ್ತಾರೆ. ಉಚ್ಚಾರದ ಒಡೆತ ಹಾಡಿನಲ್ಲಿ, ಅರ್ಥದ ಒಡೆತ ಮಾತಿನಲ್ಲಿ. ಒಂದೇ ರಂಗಸ್ಥಳದಲ್ಲಿ ಎರಡೂ ಕಿವಿಗೆ ಬೀಳುತ್ತವೆ.

ಇಲ್ಲಿ ಒಂದು ಆಕ್ಷೇಪಕ್ಕೆ ದಾರಿಯಿದೆ. ತಾಳ ಎಲ್ಲಿ ಬೇಕಾದರೂ ಮುರಿಯಬಹುದಾದರೆ ಅಚ್ಚಿನ ಸಾಲು ಏಕೆ ಮುರಿಯಬಾರದು? ಪಂಪನಂಥ ಕವಿಯೇ ಪದ್ಯದ ಪಾದದ ಕೊನೆಯಲ್ಲಿ ಪದವನ್ನು ಅರ್ಧಕ್ಕೆ ಬಿಟ್ಟು ಮುಂದಿನ ಪಾದದಲ್ಲಿ ಪೂರೈಸಿದ್ದಾನಲ್ಲ? ಕನ್ನಡದಲ್ಲಿ ಯಾವ ಅಕ್ಷರದ ನಂತರವಾದರೂ ಸಾಲು ಮುಗಿಸಬಹುದು ಎಂಬ ರೂಢಿಗೆ ಇದೇ ಸಮರ್ಥನೆ. ಆದರೆ ಚಂಪೂಕಾವ್ಯ ಗಟ್ಟಿಯಾಗಿ ಓದುವವರ ದನಿಯಲ್ಲಿ ಜನರನ್ನು ತಲುಪುತ್ತಿತ್ತು. ಓಲೆಗರಿಯಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಬಿಡಿಸುವ ಹೊಣೆ ಓದುವ ವಿದ್ವಾಂಸರದು, ಕೇಳುವವರಿಗೆ ಮುರಿದ ಪದ ಕಾಣುವ ಪ್ರಸಂಗವೇ ಇರಲಿಲ್ಲ. ಇಂದಿನ ಓದುಗರು ಮೌನವಾಗಿ, ಒಬ್ಬರೇ, ಕಣ್ಣಿನಿಂದ ಓದುತ್ತಾರೆ. ಅವರಿಗೆ ಸಾಲಿನ ಕೊನೆಯ ಗೀಟು ಒಂದು ಸೂಚನೆ. ಸೂಚನೆ ತಪ್ಪಾದರೆ ಅರ್ಥವೂ ಒಂದು ಕ್ಷಣ ತಪ್ಪುತ್ತದೆ. ಜತೆಗೆ, ಕ ಮತ್ತು ಗ ಬೆಸುಗೆಯಲ್ಲಿ ಒಂದಾಗುವುದರಿಂದ ನಮ್ಮ ಗುರುತು ಕೆಲವೊಮ್ಮೆ ಇಬ್ಬಗೆಯಾಗುತ್ತದೆ. ಹೊಸಗೆರೆ ಎಂದರೆ ಹೊಸ ಕೆರೆಯೋ ಹೊಸ ಗೆರೆಯೋ? ಇಂಥ ಕಡೆ ಓದುಗರ ಕೈಯಿಂದ ಇನ್ನೊಂದು ಆಧಾರವನ್ನು ಕಿತ್ತುಕೊಳ್ಳುವುದು ಸರಿಯಲ್ಲ.

ಹಾಗಾದರೆ ಅಚ್ಚು ಜೋಡಿಸುವವರೆಲ್ಲ ವೈಯಾಕರಣರಾಗಬೇಕೇ ಎಂದು ಕೇಳುವವರೂ ಇದ್ದಾರೆ. ಬೇಕಿಲ್ಲ. ಡಚ್ಚರಲ್ಲೂ ಆಗಲಿಲ್ಲ. ಅವರು 1954ರಲ್ಲಿ ಹಸಿರು ಹೊತ್ತಗೆ ಎಂದು ಜನಪ್ರಿಯವಾದ ಅಧಿಕೃತ ಪದಪಟ್ಟಿಯನ್ನು ಮೊದಲು ಹೊರತಂದರು. ಈಗಿನ ಆವೃತ್ತಿಗಳಲ್ಲಿ ಪದ ಎಲ್ಲೆಲ್ಲಿ ಒಡೆಯಬಹುದು ಎಂಬುದನ್ನೂ ಗುರುತಿಸಿದ್ದಾರೆ. ನಮ್ಮಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ಆರು ಸಂಪುಟಗಳ ತುಳು ನಿಘಂಟಿದೆ. 1941ರಲ್ಲಿ ಮಣಿಪಾಲದಲ್ಲಿ ಮಣಿಪಾಲ ಪವರ್ ಪ್ರೆಸ್ ಶುರುವಾದಾಗಿನಿಂದ, 1970ರಲ್ಲಿ ಉದಯವಾಣಿ ಅಲ್ಲಿಂದಲೇ ಹೊರಟಾಗಿನಿಂದ, ಕನ್ನಡದ ಅಚ್ಚು ಮಣಿಪಾಲದ ಗುಡ್ಡದ ಮೇಲೆ ದೊಡ್ಡದಾಗಿ ಬೆಳೆದಿದೆ. ನಿಘಂಟೂ ಅಚ್ಚೂ ಅಕ್ಕಪಕ್ಕದಲ್ಲಿರುವ ಈ ಜಿಲ್ಲೆಯಲ್ಲಿ ಸಾವಿರ ಸಮಾಸಗಳ ಒಂದು ಪಟ್ಟಿ ಮಾಡುವುದು ಅಸಾಧ್ಯವೇನಲ್ಲ. ಗಣಕಯಂತ್ರವಂತೂ ಬೆಸುಗೆಯ ಗುರುತನ್ನು ಆಗಲೇ ನಮ್ಮ ಕೈಗೆ ಕೊಟ್ಟಿದೆ. ಪವರ್‌ಪ್ರೆಸ್ ಎಂದು ಕೂಡಿಸಿ ಬರೆಯುವಾಗ ರಕಾರಕ್ಕೂ ಪಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಒತ್ತುತ್ತೇವೆ. ಒತ್ತದಿದ್ದರೆ ರಕಾರ ಅರ್ಕಾವತ್ತಾಗಿ ಎರಡನೆಯ ಪದದ ಮೇಲೆ ಹಾರಿ ಕೂರುತ್ತದೆ. ಬಸ್‌ಸ್ಟ್ಯಾಂಡಿಗೂ ಅದೇ ಬೇಕು. ಹೊರಗಿನಿಂದ ಬಂದ ಪದಗಳಿಗೆ ಇಷ್ಟು ಕಾಳಜಿ ತೋರಿಸುವ ನಾವು ಸ್ವಂತ ಪದಗಳಿಗೂ ತೋರಿಸಬೇಕಲ್ಲವೇ?

ಊರಿನ ಹೆಸರುಗಳಿಗೆ ಇದು ಎಲ್ಲಕ್ಕಿಂತ ಹೆಚ್ಚು ಅಗತ್ಯ. ಪೆರ್ಡೂರಿನ ಪಕ್ಕದ ಹಿರಿಯಡಕವನ್ನೇ ನೋಡಿ. ಅದರ ಕೊನೆಯಲ್ಲಿರುವುದು ಅಡ್ಕ, ತುಳುನಾಡಿನಲ್ಲಿ ನೀರಾಸರೆಯಿಲ್ಲದ ಒಣ ಬಯಲಿನ ಹೆಸರು. ಬಂಟ್ವಾಳದ ಕಡೆಯ ಕಲ್ಲಡ್ಕದಲ್ಲಿ, ಕಾಸರಗೋಡಿನ ಬದಿಯಡ್ಕದಲ್ಲಿ ಅದೇ ಪದ ಇದೆ. ಹಿರಿ ಮತ್ತು ಅಡ್ಕ ಸೇರಿ ನಡುವೆ ಯಕಾರ ಬಂದಿರಲಿ, ಹಿರಿಯ ಮತ್ತು ಅಡ್ಕ ಸೇರಿ ಒಂದು ಅಕಾರ ಹೋಗಿರಲಿ, ಕೊನೆಯಲ್ಲಿ ಅಡ್ಕ ಇರುವುದು ಖಂಡಿತ. ಆದರೆ ಡಕಾರ ಕಕಾರಗಳನ್ನು ಬಿಡಿಸಿ ಹಿರಿಯಡಕ ಎಂದು ಬರೆದಾಗ ಹೊರಗಿನವರು ಹಿರಿಯ, ಡಕ ಎಂದು ಒಡೆದು ಓದುತ್ತಾರೆ. ಡಕ ಎಂಬ ಪದವೇ ಇಲ್ಲ. ಡಚ್ಚರ ಬೊಮ್‌ಮೆಲ್ಡಿಂಗಿನ ಎಡವಟ್ಟು ಇಲ್ಲಿ ನಾಮಫಲಕದ ಮೇಲೆಯೇ ಇದೆ. ಮಾತ್ರೆಯ ಲೆಕ್ಕದಲ್ಲಿ ಎರಡೂ ರೂಪ ಐದೇ. ಆದರೆ ಯಡ್ ಎಂಬ ಗುರುವಿದ್ದಲ್ಲಿ ಎರಡು ಲಘು ಬಂದು ಬಯಲಿನ ಹೆಸರು ಕರಗಿಹೋಗಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಇಂದಿಗೂ ಹಿರಿಯಡ್ಕ. ಬರವಣಿಗೆ ಆ ಬಾಯಿಯನ್ನು ಹಿಂಬಾಲಿಸುವುದೇ ನ್ಯಾಯ.

ಉಳಿದದ್ದು ಶಾಲೆ. ಹತ್ತನೇ ತರಗತಿಯ ಕನ್ನಡ ಪಾಠದಲ್ಲಿ ಸಂಧಿ ಬಿಡಿಸುವುದು ಒಂದು ಪ್ರಶ್ನೆ, ಸಮಾಸಕ್ಕೆ ವಿಗ್ರಹವಾಕ್ಯ ಬರೆಯುವುದು ಇನ್ನೊಂದು, ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು ಮತ್ತೊಂದು. ಮೂರಕ್ಕೂ ಅಂಕ ಬೇರೆ, ಮೂರಕ್ಕೂ ಬಾಯಿಪಾಠ ಬೇರೆ. ಇವು ಒಂದೇ ಪದವನ್ನು ಮೂರು ಕಡೆಯಿಂದ ನೋಡುವ ಕೆಲಸ ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಸಂಸ್ಕೃತದಿಂದ ಬಂದ ಸಮಾಸದ ವಿಂಗಡಣೆ ಕನ್ನಡ ಪದಗಳಿಗೆ ಹೊಂದುವುದಿಲ್ಲ ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ವಾದವನ್ನು ಪೂರ್ತಿ ಒಪ್ಪಲಿ, ಬಿಡಲಿ, ಮುಂಗಾಲಿನ ಗಕಾರಕ್ಕೂ ಕೈಕಾಲಿನ ಕಕಾರಕ್ಕೂ ಇರುವ ಅಂತರವನ್ನು ಮಕ್ಕಳು ತಮ್ಮ ಕಿವಿಯಿಂದಲೇ ಕಂಡುಕೊಳ್ಳಬಲ್ಲರು. ಅದಕ್ಕೆ ಸೂತ್ರ ಬೇಡ. ಉಡುಪಿ, ಕಾಪು, ಕಾರ್ಕಳಗಳ ಕನ್ನಡ ಅಧ್ಯಾಪಕರು ಈ ವರ್ಷ ಒಂದು ತರಗತಿಯನ್ನು ಇದಕ್ಕೆ ಕೊಡಲಿ. ಮಕ್ಕಳು ತಮ್ಮ ಊರ ಹೆಸರನ್ನು ಬರೆದು, ಅಕ್ಷರವಾಗಿ ಒಮ್ಮೆ, ಉಚ್ಚಾರವಾಗಿ ಒಮ್ಮೆ, ಅರ್ಥವಾಗಿ ಒಮ್ಮೆ ಬಿಡಿಸಿ, ಗುರು ಲಘು ಹಾಕಲಿ.